ಅತ್ತೆಯವರ ನಾಲ್ಕು ಚೌಕದ ಇಂಗ್ಲಿಷ್

ಇಡೀ ಶಿಕಾರಿಪುರ ತಾಲ್ಲೂಕಿನಲ್ಲಿ ನಮ್ಮ ಅತ್ತೆಯವರಷ್ಟು ಧೈರ್ಯವಾಗಿ ಇಂಗ್ಲಿಷ್ ಮಾತಾಡುವ ಹೆಂಗಸು ಆ ಕಾಲದಲ್ಲಿ ಇನ್ನೊಬ್ಬರಿರಲಿಲ್ಲ. ಸಣ್ಣದೊಂದು ತೊಡಕಿತ್ತು, ಅಷ್ಟೆ. ಅವರು ಆಡುತ್ತಿದ್ದ ಇಂಗ್ಲಿಷ್ ಆ ಭಾಷೆ ಬಲ್ಲವರಿಗೆ ಅರ್ಥವಾಗುತ್ತಿರಲಿಲ್ಲ, ಬಾರದವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು! ಬಿಂದಿಗೆಯ ನೀರು ಚೆಲ್ಲಿದರೆ ‘ಸ್ಪ್ಲ್ಯಾಶ್’, ಬೆಕ್ಕು ಅಟ್ಟದಿಂದ ಬಿದ್ದರೆ ‘ಥಡ್’, ಮಾವನವರು ಊಟವಾದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ‘ಝಡ್ ಝಡ್ ಝಡ್’. ಇದು ಯಾವ ಶಾಲೆಯಲ್ಲಿ ಕಲಿಸುವ ಇಂಗ್ಲಿಷ್ ಎಂದು ಕೇಳುತ್ತೀರಾ? ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ ನಾಲ್ಕು ಚೌಕಗಳಲ್ಲಿ ದಿನವೂ ಬರುತ್ತಿದ್ದ ನಗೆಚಿತ್ರವೇ ಅವರ ಶಾಲೆ!

ನಾನು ಸೊರಬದವಳು. ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ ಮದುವೆಯಾಗಿ ಶಿಕಾರಿಪುರಕ್ಕೆ ಬಂದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆನಾದ್ದರಿಂದ ಊರಿನ ಹೆಂಗಸರು ನನ್ನನ್ನು ನೋಡಲು ಬರುವಾಗ ಸ್ವಲ್ಪ ದೂರದಲ್ಲೇ ನಿಲ್ಲುತ್ತಿದ್ದರು. ಮಾವನವರದು ದವಸದ ಮಂಡಿ. ನಮ್ಮವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ವ್ಯಾಕರಣ ಅವರ ಅಂಗೈಯಲ್ಲಿತ್ತು. ನಗು ಮಾತ್ರ ಅವರ ಹತ್ತಿರ ಸುಳಿಯಲು ಹೆದರುತ್ತಿತ್ತು. ಮದುವೆಯ ದಿನ ನನ್ನ ತಂಗಿಯರು ಅವರ ಚಪ್ಪಲಿ ಬಚ್ಚಿಟ್ಟಾಗ, ಪಾಪ, ಅವರು ಸುಮ್ಮನೆ ಬರಿಗಾಲಲ್ಲಿ ನಡೆದುಬಿಟ್ಟಿದ್ದರು!

ಅವರಿಗಾಗಿ ಮಧ್ಯಾಹ್ನದ ಬಸ್ಸಿನಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ಅದನ್ನು ಮೊದಲು ಬಿಚ್ಚುವವರು ಅತ್ತೆಯವರು. ಅವರಿಗೆ ಈ ಹುಚ್ಚು ಹಿಡಿದದ್ದು ನಾನು ಬರುವುದಕ್ಕೆ ಸ್ವಲ್ಪ ಮುಂಚೆ, ಶಿವಮೊಗ್ಗದ ಬಸ್ಸಿನಲ್ಲಂತೆ. ಎದುರು ಸೀಟಿನಲ್ಲಿ ಕೂತಿದ್ದ ಕೋಟಿನವನೊಬ್ಬ ಪತ್ರಿಕೆಯ ಮೂಲೆ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕನಂತೆ. “ಏನೈತ್ರಿ ಅದರಾಗ?” ಎಂದು ಇವರು ಕೇಳಿದರಂತೆ. ಅವನು ಹೇಳಲು ಬಾಯಿ ತೆರೆದ, ನಕ್ಕ, ಮತ್ತೆ ತೆರೆದ, ಮತ್ತೆ ನಕ್ಕ. ಅಷ್ಟರಲ್ಲಿ ಅವನ ಊರು ಬಂದು ಇಳಿದೇ ಹೋದ!

“ಒಬ್ಬ ಮನಷ್ಯ ಅಷ್ಟು ನಗತಾನ, ಎದುರಿಗೆ ಕೂತ ನನಗೆ ಯಾಕೆ ಅಂತ ಗೊತ್ತಾಗಂಗಿಲ್ಲ ಅಂದ್ರ ಏನವ್ವಾ?” ಎಂದು ಅತ್ತೆಯವರು ನನಗೆ ಈ ಕಥೆ ಹೇಳುವಾಗಲೆಲ್ಲ ಸಿಟ್ಟಾಗುತ್ತಿದ್ದರು. ಯಾರೋ ಊಟಕ್ಕೆ ಕೂರಿಸಿ ಎಲೆ ಹಾಕದೆ ಹೋದಂಥ ಸಿಟ್ಟು ಅದು.

ಆ ನಗೆಚಿತ್ರದಲ್ಲಿ ಒಬ್ಬ ಉದ್ದ ಮೂಗಿನ ಗಂಡ, ಬುಟ್ಟಿಯಂಥ ಟೊಪ್ಪಿಗೆ ಹಾಕುವ ಹೆಂಡತಿ, ಮತ್ತೆ ಒಂದು ಪ್ರಾಣಿ. ಅದು ನಾಯಿಯೋ ಆಡೋ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಗಡ್ಡವಿದೆಯಾದ್ದರಿಂದ ಆಡು ಎಂದು ಅತ್ತೆಯವರ ವಾದ. ಕುತ್ತಿಗೆಗೆ ಪಟ್ಟಿಯಿದೆಯಾದ್ದರಿಂದ ನಾಯಿ ಎಂದು ಮಾವನವರದು. ನಾನು ಹೊಸ ಸೊಸೆ, ಎರಡೂ ಕಡೆಗೆ ತಲೆಯಾಡಿಸುತ್ತಿದ್ದೆ.

ನಾನು ಮನೆಗೆ ಬಂದ ಹೊಸದರಲ್ಲಿ ಕಂಡ ಚಿತ್ರ ಹೀಗಿತ್ತು. ಗಂಡ ನೆಲದ ಮೇಲೆ ಕೂತು ಪತ್ರಿಕೆ ಓದುತ್ತಿದ್ದಾನೆ, ಪ್ರಾಣಿ ಕುರ್ಚಿಯಲ್ಲಿ ಕೂತಿದೆ. ಮನೆಗೆ ಅತಿಥಿ ಬರುತ್ತಾನೆ. ಹೆಂಡತಿ “ನನ್ನ ಗಂಡನನ್ನು ಭೇಟಿಯಾಗಿ” ಎನ್ನುತ್ತಾಳೆ. ಅತಿಥಿ ನೇರವಾಗಿ ಹೋಗಿ ಪ್ರಾಣಿಯ ಕೈ ಕುಲುಕುತ್ತಾನೆ!

“ಏ ತಮ್ಮಾ, ಇವ ಆಡಿಗೆ ಯಾಕ ಕೈ ಕೊಡ್ತಾನ?” ಎಂದು ಅತ್ತೆಯವರು ಮಗನನ್ನು ಕೇಳಿದರು.

ನಮ್ಮವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಅವ್ವಾ, ಇಲ್ಲಿ ‘ಭೇಟಿಯಾಗಿ’ ಅನ್ನೋದು ಆಜ್ಞಾರ್ಥಕ ಕ್ರಿಯಾಪದ. ಕರ್ತೃಪದ ಅಧ್ಯಾಹಾರ.”

“ಅದಿರಲಿ. ನಗು ಎಲ್ಲೈತಿ?”

ನಮ್ಮವರು ಇನ್ನೊಮ್ಮೆ ನಾಲ್ಕೂ ಚೌಕ ಹುಡುಕಿದರು. “ನಗು ಸಿಲಬಸ್ಸಿನಾಗ ಇಲ್ಲವ್ವಾ” ಎಂದರು.

ನಾನು ಅಡುಗೆಮನೆಗೆ ಓಡಿಹೋಗಿ ಹಿಟ್ಟಿನ ಡಬ್ಬಿಯೊಳಗೆ ಮುಖವಿಟ್ಟು ನಕ್ಕೆ. ನಾನು ನಕ್ಕದ್ದು ಚಿತ್ರಕ್ಕೋ ಗಂಡನಿಗೋ ಎಂದು ಈಗ ಕೇಳಬೇಡಿ! ಹೊರಗೆ ಬಂದಾಗ ಮುಖವೆಲ್ಲ ಬಿಳಿ. ಅತ್ತೆಯವರು ನನ್ನನ್ನೇ ನೋಡಿ, “ನಿನಗೆ ತಿಳೀತು! ಹೇಳು, ಹೇಳು” ಎಂದು ಹಿಡಿದುಕೊಂಡರು. ಹೇಳಿದೆ. ಅವತ್ತಿನಿಂದ ಅವರಿಗೆ ಎ ಬಿ ಸಿ ಡಿ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಹಾಗೆಂದು ನಾನೇನು ಎಲ್ಲ ಬಲ್ಲವಳಾಗಿದ್ದೆನೇ? ಒಂದು ದಿನ ಚಿತ್ರದ ಗಂಡ ಆಕಳಿಸುತ್ತ “ನಾನು ಚೀಲಕ್ಕೆ ಹೊಡೆಯಲು ಹೋಗುತ್ತೇನೆ” ಎಂದ. ಪದ ಪದವಾಗಿ ನೋಡಿದರೆ ಇದ್ದದ್ದು ಹಾಗೆಯೇ. ಮುಂದಿನ ಚೌಕದಲ್ಲಿ ಅವನ ಹಾಸಿಗೆಯಲ್ಲಿ ಆ ಪ್ರಾಣಿ ಮಲಗಿದೆ, ಇವನು ನಿಂತು ನೋಡುತ್ತಿದ್ದಾನೆ. ಎಲ್ಲಿಯ ಚೀಲ? ಯಾರು ಹೊಡೆದರು? ನಮ್ಮವರ ದಪ್ಪ ನಿಘಂಟೂ ಕೈಚೆಲ್ಲಿತು. ಕೊನೆಗೆ ಮಾವನವರೇ ತೀರ್ಪು ಕೊಟ್ಟರು.

“ಇದರಾಗ ತಿಳೀದೇ ಇರೋದು ಏನೈತಿ? ನಮ್ಮ ಮಂಡಿಯಾಗ ಖಾಲಿ ಚೀಲ ಹೊಡೆದು ಧೂಳು ಝಾಡಿಸ್ತೀವಿ. ದಿನಾ ಹೊಡದವಗೆ ಗೊತ್ತು, ರಟ್ಟೆ ಬಿದ್ದು ಹೋಗ್ತಾವ. ಪಾಪ, ಹೊಡೆದು ಬಂದಾನ, ನೋಡಿದ್ರ ಹಾಸಿಗಿ ಖಾಲಿ ಇಲ್ಲ!”

“ದೊರೆಗಳೂ ಚೀಲ ಹೊಡೀತಾರ?” ಎಂದು ಅತ್ತೆಯವರು ಕೇಳಿದರು.

“ನಮ್ಮ ದೇಶ ಬಿಟ್ಟು ಹೋದ ಮೇಲೆ ಹೊಟ್ಟಿಗೆ ಏನಾರ ಮಾಡಬೇಕಲ್ಲ!”

ಅತ್ತೆಯವರು ಬಿದ್ದು ಬಿದ್ದು ನಕ್ಕರು. ಮಲಗಲು ಹೋಗುವುದಕ್ಕೇ ಆ ಭಾಷೆಯಲ್ಲಿ ಹಾಗೊಂದು ಮಾತಿದೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ಮಾವನವರ ಅರ್ಥದಲ್ಲಿದ್ದ ಸ್ವಾರಸ್ಯ ನಿಜವಾದ ಅರ್ಥದಲ್ಲಿ ಇಲ್ಲವೆಂದೇ ನನಗೆ ಇಂದಿಗೂ ಅನ್ನಿಸುತ್ತದೆ. ಅಲ್ಲಿಂದ ಮುಂದೆ ಊಟವಾದ ಕೂಡಲೇ ಅತ್ತೆಯವರು, “ಏನ್ರೀ, ಹೊತ್ತಾತು, ಚೀಲ ಹೊಡೀರಿ ಹೋಗ್ರಿ” ಎನ್ನುವುದು ರೂಢಿಯಾಯಿತು. ಬಂದ ನೆಂಟರು ಗಾಬರಿಯಾಗುತ್ತಿದ್ದರು. ಈ ವಯಸ್ಸಿನಲ್ಲಿ ಯಜಮಾನರ ಕೈಯಲ್ಲಿ ಎಂಥ ಕೆಲಸ ಮಾಡಿಸುತ್ತಾಳಪ್ಪ ಈ ಹೆಂಗಸು!

ಅಕ್ಷರ ಬಂದ ಮೇಲೆ ಅತ್ತೆಯವರು ಸಣ್ಣ ಮಾತುಗಳನ್ನು ತಾವೇ ಓದತೊಡಗಿದರು. ಚಿತ್ರದಲ್ಲಿ ಅತಿ ದೊಡ್ಡ ಅಕ್ಷರಗಳಲ್ಲಿ ಇರುವುದೇನು? ಬಿದ್ದ ಸದ್ದು, ಒಡೆದ ಸದ್ದು, ನುಂಗಿದ ಸದ್ದು! ಅವರು ಕಲಿತದ್ದು ಅದನ್ನೇ. ಮೊದಲು ಸಿಕ್ಕಿದ್ದು ಸಾಲಾಗಿ ನಿಂತ ಮೂರು ಝಡ್. ನಮ್ಮವರು ನಿಘಂಟಿನ ಕಟ್ಟಕಡೆಯ ಪುಟದವರೆಗೂ ಹೋಗಿ ಬಂದು, “ಅಚ್ಚಿನ ತಪ್ಪು” ಎಂದು ಸಾರಿದರು. ಮರುದಿನವೂ ಅದೇ ತಪ್ಪು. ಆ ವಾರದಲ್ಲೇ ಮತ್ತೊಮ್ಮೆ.

“ತಮ್ಮಾ, ಮಲಗಿದವರ ತಲೆ ಮೇಲೇ ಯಾಕ ಅಚ್ಚು ತಪ್ಪತೈತಿ?” ಎಂದರು ಅತ್ತೆಯವರು.

ಮೇಷ್ಟ್ರು ಕೊಡೆ ತೆಗೆದುಕೊಂಡು ಶಾಲೆಗೆ ಹೋದರು.

ಅವರ ಶಾಲೆಗೆ ಆಗಷ್ಟೇ ಮೈಸೂರಿನ ಕಡೆಯಿಂದ ಹೊಸ ಹೆಡ್ಮಾಸ್ಟರು ಬಂದಿದ್ದರು. ಗಂಜಿ ಹಾಕಿದ ಪಂಚೆಯಂಥ ಮನುಷ್ಯ, ಎಲ್ಲಿ ಹಿಡಿದರೂ ಗರಿಗರಿ. ನಮ್ಮವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಶಿಫಾರಸು ಅವರ ಕೈಯಲ್ಲಿತ್ತು. ಹಾಗಾಗಿ ಒಂದು ಭಾನುವಾರ ಅವರನ್ನು ಮನೆಗೆ ಕರೆದೆವು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. “ಅವ್ವಾ, ಇವತ್ತೊಂದು ದಿನ ಇಂಗ್ಲಿಷ್ ಬ್ಯಾಡ” ಎಂದು ನಮ್ಮವರು ಕೈಮುಗಿದಿದ್ದರು. ಅತ್ತೆಯವರು ಆಗಲಿ ಎಂದಿದ್ದರು. ಅವರೂ ಪ್ರಯತ್ನ ಮಾಡಿದರು. ಆದರೆ ಆ ಬಜ್ಜಿ ಬಿಡಬೇಕಲ್ಲ!

ಹೆಡ್ಮಾಸ್ಟರು ಗಾಂಭೀರ್ಯದಿಂದ ಒಂದು ತುದಿ ಕಚ್ಚಿದರು. ಮುಖ ಕೆಂಪಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ.

ಅತ್ತೆಯವರಿಗೆ ತಡೆಯಲಾಗಲಿಲ್ಲ. ನೀರಿನ ಲೋಟ ಮುಂದೆ ಹಿಡಿದು, “ಗಲ್ಪ್, ಸಾರ್! ಗಲ್ಪ್!” ಎಂದರು.

ಅವರು ಬೆಚ್ಚಿ ನುಂಗಿಯೇಬಿಟ್ಟರು. ಉಸಿರು ಎಳೆದುಕೊಂಡರು. “ಗ್ಯಾಸ್ಪ್!” ಎಂದರು ಅತ್ತೆಯವರು. ಮೂಗು ಸೊರಗುಟ್ಟಿತು. “ಸ್ನಿಫ್!” ಎಂದರು. ನಾಲ್ಕು ಚೌಕದ ಚಿತ್ರ ಜೀವ ತಳೆದು ತಮ್ಮ ಪಡಸಾಲೆಗೇ ಬಂದು ಕೂತಿದೆ ಎಂಬ ಸಂತೋಷ ಅವರ ಮುಖದಲ್ಲಿ! ಹೆಡ್ಮಾಸ್ಟರು ಕೆಮ್ಮುತ್ತ ಹಿಂದಕ್ಕೆ ಒರಗಿದರು. ಅದು ಮಾವನವರ ಹಳೆಯ ಮಡಚು ಕುರ್ಚಿ. ಅದರ ಸ್ವಭಾವ ಅತ್ತೆಯವರಿಗೆ ಗೊತ್ತು. “ಕ್ರ್ಯಾಶ್!” ಎಂದು ಅವರು ಮೊದಲು ಕೂಗಿದರು, ಆಮೇಲೆ ಕುರ್ಚಿ ಮಡಚಿಕೊಂಡಿತು.

ನಮ್ಮವರು ಕಣ್ಣು ಮುಚ್ಚಿಕೊಂಡರು. ಕಾಯಂ ನೌಕರಿ ರೆಕ್ಕೆ ಬಡಿದು ಹಾರಿಹೋಗುವುದು ಅವರಿಗೆ ಕೇಳಿಸುತ್ತಿತ್ತೋ ಏನೋ. ಆದರೆ ನೆಲದಿಂದ ಬಂದ ಸದ್ದು ಬೇರೆಯೇ ಆಗಿತ್ತು. ಹೆಡ್ಮಾಸ್ಟರು ಕಾಲು ಮೇಲೆ ಮಾಡಿಕೊಂಡು ನಗುತ್ತಿದ್ದರು! ಎದ್ದು ಧೂಳು ಕೊಡವಿಕೊಂಡು, “ಏನ್ರೀ ಮೇಷ್ಟ್ರೇ, ನಿಮ್ಮ ತಾಯಿಯವರು ಇಂಗ್ಲಿಷ್ ಎಲ್ಲಿ ಓದಿದ್ದು?” ಎಂದು ಕೇಳಿದರು.

“ಪ್ರೈವೇಟಾಗಿ, ಸಾರ್” ಎಂದರು ನಮ್ಮವರು.

ನೌಕರಿ ಕಾಯಂ ಆಯಿತು. ನನ್ನ ಗ್ರಹಚಾರ ಶುರುವಾದದ್ದು ಅದಾದ ಮೇಲೆ.

ನೌಕರಿ ಉಳಿಸಿದ ಋಣಕ್ಕೋ ಏನೋ, ನಮ್ಮವರೂ ಆ ಚಿತ್ರವನ್ನು ನಿಷ್ಠೆಯಿಂದ ನೋಡತೊಡಗಿದರು. ಒಂದು ದಿನ ಚಿತ್ರದ ಹೆಂಡತಿ ಹೊಸ ಟೊಪ್ಪಿಗೆ ಹಾಕಿಕೊಂಡು ಬಂದು, ಹೇಗಿದೆ ಎಂದು ಕೇಳುತ್ತಾಳೆ. ಗಂಡ ಅಂಗಡಿಯ ಬಿಲ್ಲು ನೋಡುತ್ತ “ಡಿಯರ್” ಎನ್ನುತ್ತಾನೆ. ಅವಳು ಕರಗಿಹೋಗಿ ಅವನನ್ನು ತಬ್ಬಿಕೊಳ್ಳುತ್ತಾಳೆ. ಡಿಯರ್ ಎಂದರೆ ಪ್ರಿಯೆ, ಅದು ನಮಗೆಲ್ಲ ಗೊತ್ತು. ಪ್ರಿಯೆ ಎಂದ, ತಬ್ಬಿಕೊಂಡಳು. ನ್ಯಾಯವಾಗಿಯೇ ಇದೆ. ನಗು ಎಲ್ಲಿ? ನನಗೂ ಹೊಳೆಯಲಿಲ್ಲ. ಅತ್ತೆಯವರು ಆ ಮೂಲೆಯನ್ನು ಹರಿದು ಕನ್ನಡಿಗೆ ಸಿಕ್ಕಿಸಿದರು. ನಮ್ಮವರು ಕ್ಷೌರ ಮಾಡಿಕೊಳ್ಳುವಾಗಲೆಲ್ಲ ಅದನ್ನು ನೋಡುತ್ತ “ಡಿಯರ್... ಡಿಯರ್...” ಎಂದು ಗೊಣಗುತ್ತಿದ್ದರು. ಪಕ್ಕದ ಮನೆಯವರು ನನ್ನನ್ನು ಭಾಗ್ಯವಂತೆ ಎಂದುಕೊಂಡರು.

ಅದೇ ಸಮಯಕ್ಕೆ ಸೊರಬದ ಹತ್ತಿರ ಜಡೆ ಎಂಬ ಊರಿನಲ್ಲಿದ್ದ ನಮ್ಮ ಹಿರಿಯಜ್ಜ ತೀರಿಕೊಂಡರು. ಅವರು ನನ್ನ ತಂದೆಯ ದೊಡ್ಡಪ್ಪ, ತಂದೆಯನ್ನು ಸಾಕಿ ಬೆಳೆಸಿದವರು. ನಮ್ಮವರು, ಅತ್ತೆಯವರು, ನಾನು ಮಾತಾಡಿಸಿಕೊಂಡು ಬರಲು ಬಸ್ಸು ಹತ್ತಿ ಹೋದೆವು. ಜಗಲಿಯ ತುಂಬ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ನಮ್ಮವರು ನನ್ನ ತಂದೆಯ ಪಕ್ಕದಲ್ಲಿ ಕೂತರು. ಹೆಂಗಸರು ನಾವು ಬಾಗಿಲ ಒಳಗೆ.

ಊರಿನ ಒಬ್ಬ ಹಿರಿಯರು ನಿಟ್ಟುಸಿರು ಬಿಟ್ಟು, “ಬದುಕೋದು ಬಿಡಿ ಮಾರಾಯ್ರೆ, ಈ ಕಾಲದಲ್ಲಿ ಸಾಯೋದೂ ದುಬಾರಿ” ಎಂದರು.

ನಮ್ಮವರ ತಲೆ ಪಟ್ಟನೆ ಮೇಲೆದ್ದಿತು. ಮತ್ತೆ ಬಗ್ಗಿತು. ಭುಜಗಳು ಕುಲುಕತೊಡಗಿದವು. ನನ್ನ ತಂದೆ ಅಳಿಯನ ಬೆನ್ನಿನ ಮೇಲೆ ಕೈಯಿಟ್ಟು, ತಮ್ಮ ಕಣ್ಣಲ್ಲೂ ನೀರು ತುಂಬಿಕೊಂಡು, “ಸಮಾಧಾನ ಮಾಡ್ಕಳಿ, ದೊಡ್ಡ ಜೀವ ಅದು, ಹಣ್ಣಾಗಿ ಹೋಯ್ತು” ಎಂದರು.

ಆಗ ನಮ್ಮವರು ಮುಖ ಎತ್ತಿದರು. ಅಯ್ಯೋ ದೇವರೇ, ಆ ಮುಖ! ಹುಟ್ಟಿದಂದಿನಿಂದ ಕೂಡಿಟ್ಟ ನಗುವೆಲ್ಲ ಅವತ್ತೇ ಕಟ್ಟೆ ಒಡೆದಿತ್ತು.

“ದುಬಾರಿ, ಅವ್ವಾ! ದುಬಾರಿ!”

“ಯಾವುದೋ? ಟೊಪ್ಪಿಗಿನಾ?” ಎಂದರು ಬಾಗಿಲೊಳಗಿಂದ ಅತ್ತೆಯವರು.

“ಹೌದು! ಡಿಯರ್ ಅಂದ್ರ ದುಬಾರಿ ಅಂತಲೂ ಐತಿ! ಅವಳು ಪ್ರೀತಿ ಅಂತ ತಿಳಕೊಂಡಳು!”

ಅತ್ತೆಯವರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಆದರೂ ಕುಕ್ಕರಗಾಲಲ್ಲಿ ಕೂತಿದ್ದ ಅವರು ಹಾಗೇ ಪಕ್ಕಕ್ಕೆ ಉರುಳಿದರು. ತಾಯಿ, ಮಗ ಇಬ್ಬರೂ ಎದ್ದು ಕೊಟ್ಟಿಗೆಗೆ ಓಡಿಹೋದರು. ಅಲ್ಲಿಂದ ಎಮ್ಮೆಗಳು ಗಾಬರಿಯಾಗಿ ಕೂಗುವುದು ಕೇಳಿಸುತ್ತಿತ್ತು.

ನನ್ನ ತಂದೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಮ್ಮನ್ನು ಬಸ್ಸಿನವರೆಗೆ ಕಳಿಸಿಕೊಟ್ಟರು. ಸೊರಬಕ್ಕೆ ಬಂದು ಎರಡು ದಿನ ಇದ್ದು ಹೋಗು ಎಂದು ನನಗೆ ಹೇಳಲಿಲ್ಲ.

ದೀಪಾವಳಿ ಬಂತು. ಮದುವೆಯಾದ ಮೊದಲ ದೀಪಾವಳಿಗೆ ಮಗಳು ಅಳಿಯನನ್ನು ಕರೆಯಬೇಕು. ಸೊರಬದಿಂದ ಯಾರೂ ಬರಲಿಲ್ಲ. “ಕರೀದೆ ಹೆಂಗ ಹೋಗೋದು?” ಎಂದು ಮಾವನವರು ಅಂದುಬಿಟ್ಟರು. ಹಬ್ಬ ಮುಗಿಯಿತು. ನಮ್ಮವರು ಪತ್ರಿಕೆ ಬಂದ ಕೂಡಲೇ ಆ ಮೂಲೆ ಕಾಣದ ಹಾಗೆ ಮಡಚಿಡತೊಡಗಿದರು. ಅತ್ತೆಯವರೂ ಅದನ್ನು ಕೇಳುವುದು ಬಿಟ್ಟರು. ಲೋಟ ಬಿದ್ದರೆ ಬರೀ ಲೋಟದ ಸದ್ದು, ಅಷ್ಟೆ.

ನಾನು ಯಾರ ಮುಂದೆಯೂ ಅಳಲಿಲ್ಲ. ಈರುಳ್ಳಿ ಹೆಚ್ಚುವ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡೆ. ಸಾರಿಗೆ ಈರುಳ್ಳಿ, ಪಲ್ಯಕ್ಕೆ ಈರುಳ್ಳಿ, ಉಪ್ಪಿಟ್ಟಿನಲ್ಲಿ ರವೆಗಿಂತ ಈರುಳ್ಳಿ. “ಪ್ಯಾಟ್ಯಾಗ ಇರೋ ಈರುಳ್ಳಿ ಎಲ್ಲ ಮನೀಗೇ ಸಾಲವಲ್ದು, ಇದೇನಿದು?” ಎಂದು ಮಾವನವರು ಗೊಣಗಿದರು. ಅತ್ತೆಯವರು ಅವರನ್ನು ಸುಮ್ಮನಿರಿಸಿದರು.

ಒಂದು ಮಧ್ಯಾಹ್ನ ಅತ್ತೆಯವರು ತಾವಾಗಿಯೇ ಪತ್ರಿಕೆ ಬಿಚ್ಚಿದರು. ನಮ್ಮವರು ಊಟಕ್ಕೆ ಬಂದಿದ್ದರು. ಅವತ್ತಿನ ಚಿತ್ರದಲ್ಲಿ ಗಂಡನೂ ಇಲ್ಲ, ಟೊಪ್ಪಿಗೆಯೂ ಇಲ್ಲ. ಹೊಸ್ತಿಲ ಮೇಲೆ ಕೂತ ಒಂದು ಕೂಸು, ಅಗಲ ತೆರೆದ ಬಾಯಿ, ಕಣ್ಣಿನಿಂದ ದಪ್ಪ ದಪ್ಪ ಹನಿ. ತಲೆಯ ಮೇಲೆ ಮೂರು ಅಕ್ಷರ.

“ಎಸ್... ಓ... ಬಿ...” ಅತ್ತೆಯವರು ಬೆರಳಿಟ್ಟು ಕೂಡಿಸಿದರು. “ಸೊಬ್. ಸೊಬ್, ಸೊಬ್ ಅಂತೈತಿ ಕೂಸು.”

“ಅವ್ವಾ, ಅದು ಅಳೋ—” ಎಂದು ನಮ್ಮವರು ಶುರು ಮಾಡಿದರು.

“ನೀ ಸುಮ್ಮನಿರು, ನನಗ ತಿಳೀತು. ನಿಮ್ಮಪ್ಪನ ಮಂಡೀ ಚೀಲದ ಮ್ಯಾಲೆ ಊರಿನ ಹೆಸರು ಅರ್ಧರ್ಧ ಬರೀತಾರಲ್ಲ, ಹಂಗ ಇದು. ಸೊಬ್ ಅಂದ್ರ ಸೊರಬ. ಈ ಕೂಸು ಸೊರಬಕ್ಕೆ ಹೋಗಬೇಕು ಅಂತ ಅಳತೈತಿ.”

ನಾನು ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ನಮ್ಮವರು ತಾಯಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಂದು ಕಾಗುಣಿತದ ತಪ್ಪನ್ನೂ ಬಿಡದೆ ತಿದ್ದುವ ಮನುಷ್ಯ ತಟ್ಟೆಯ ಕಡೆಗೆ ತಲೆ ತಗ್ಗಿಸಿದರು.

“ಹೌದವ್ವಾ” ಎಂದರು. “ನಿಘಂಟಿನಾಗೂ ಹಂಗೇ ಐತಿ.”

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಸೊರಬಕ್ಕೆ ಹೊರಟೆವು. ತವರಿನ ಬಾಗಿಲಲ್ಲಿ ನಾನು ಅತ್ತೆಯವರ ಹಿಂದೆ ನಿಂತೆ. ನಮ್ಮವರು ಚೀಲ ಹಿಡಿದುಕೊಂಡು ಬೇಲಿಯ ಆಚೆಗೇ ನಿಂತುಬಿಟ್ಟರು. ತಂದೆ ಹೊರಗೆ ಬಂದರು. ಮುಖ ಬಿಗಿದೇ ಇತ್ತು.

“ನಾವು ಕರೆದಿರಲಿಲ್ಲ” ಎಂದರು.

“ಖರೇ ಐತ್ರಿ, ನಮ್ಮನ್ನ ಕರೆದಿಲ್ಲ” ಎಂದರು ಅತ್ತೆಯವರು. “ಇವಳನ್ನ ಕರೀಬೇಕೇನ್ರಿ? ಇದು ಇವಳ ಮನಿ. ಸತ್ತವರ ಮುಂದೆ ನಕ್ಕವರು ನಾನು, ನನ್ನ ಮಗ. ದೊಡ್ಡ ತಪ್ಪು ಅದು, ನಮಗ ಎಷ್ಟಾರ ಬೈರಿ, ಕೇಳ್ತೀವಿ. ಇವಳು ನಕ್ಕಿಲ್ಲರಿ. ಆವಾಗಿಂದ ಇವಳು ನಕ್ಕೇ ಇಲ್ಲ.”

ತಂದೆ ನನ್ನ ಮುಖ ನೋಡಿದರು. ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆಂದೇ ನಾನು ಭಾವಿಸಿದೆ. ಅವರು ಬಂದದ್ದು ಕಾಲಿಗೆ ನೀರು ತೆಗೆದುಕೊಂಡು. ತಂಬಿಗೆಯನ್ನು ಅತ್ತೆಯವರ ಮುಂದೆ ಇಟ್ಟು, ಬೇಲಿಯ ಕಡೆ ತಿರುಗಿ, “ಅಳಿಯಂದ್ರು ಯಾಕೆ ಅಲ್ಲೇ ನಿಂತಾರೆ? ಬಿಸಿಲು ಅದೆ, ಒಳಗೆ ಬನ್ನಿ ಅನ್ನು” ಎಂದರು. ಅಷ್ಟರಲ್ಲಿ ಅಮ್ಮ ಓಡಿಬಂದು ನನ್ನನ್ನು ಹಿಡಿದುಕೊಂಡಿದ್ದಳು.

ಊಟವಾದ ಮೇಲೆ ಅತ್ತೆಯವರು, ನಮ್ಮವರು ಹೊರಟರು. ನನ್ನನ್ನು ಬಿಟ್ಟು ಹೋಗುವುದೆಂದು ಅತ್ತೆಯವರೇ ತೀರ್ಮಾನಿಸಿದ್ದರು. ಬಸ್ಸಿಗೆ ಕಾಯುವಾಗ ನಾನು ಮೆಲ್ಲಗೆ, “ಅತ್ತೀ, ಸೊಬ್ ಅಂದ್ರೆ ಸೊರಬ ಅಲ್ಲ. ಬಿಕ್ಕಿ ಬಿಕ್ಕಿ ಅಳೋದು” ಎಂದೆ.

“ಗೊತ್ತವ್ವಾ” ಎಂದರು ಅವರು. “ಬಾಯಿ ತೆರಕೊಂಡು ಕೂತ ಕೂಸು ಅಳತೈತಿ ಅಂತ ತಿಳಿಯಾಕ ಇಂಗ್ಲಿಷ್ ಯಾಕ ಬೇಕು?”

“ಮತ್ತೆ ಯಾಕೆ ಹಾಗೆ ಅಂದ್ರಿ?”

“ನೀನು ಅಳ್ತಿ ಅಂತ ನಾನು ಅಂದಿದ್ರ, ನೀನು ಇಲ್ಲ ಅಂತಿದ್ದಿ. ನಿನ್ನ ಮಾವಾರು ಕರೀದೆ ಹೆಂಗ ಹೋಗೋದು ಅಂತಿದ್ರು. ಪೇಪರಿನ ಕೂಸು ಹಟ ಮಾಡಿದ್ರ ಯಾರು ಬ್ಯಾಡ ಅಂತಾರ?”

ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು. ಬಸ್ಸು ಬಂತು. ನಮ್ಮವರು ತಾಯಿಯ ಕೈ ಹಿಡಿದು ಹತ್ತಿಸಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಮನಸ್ಸು ತುಂಬೋವರೆಗೂ ಇದ್ದು ಬಾರವ್ವಾ” ಎಂದು ಅತ್ತೆಯವರು ಕೂಗುತ್ತಿದ್ದುದು ಧೂಳಿನಾಚೆಯಿಂದಲೂ ಕೇಳಿಸುತ್ತಿತ್ತು.

ಬಸ್ಸಿನಲ್ಲಿ ಕೂತು ಅತ್ತೆ ಹೋದರು. ತವರಿನ ರಸ್ತೆಯಲ್ಲಿ ನಿಂತು ನಾನು ಅತ್ತೆ.